ಹಳದಿ ಬಟ್ಟೆಯ ಮರ್ಯಾದೆ

ಲಿಸಿಯಾಟೆ ಅಮೆರಿಕದವರು ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಫುಟ್‌ಬಾಲ್ ಆಡಲೆಂದು ಕಾಲೇಜು ಸೇರಿ ಐದು ವರ್ಷವಾಗಿತ್ತು. ಈ ಐದು ವರ್ಷದಲ್ಲಿ ಚೆಂಡು ಅವನನ್ನು ಹುಡುಕಿಕೊಂಡು ಬಂದದ್ದು ಒಂದೇ ಸಲ. ಅದೂ ಮೈದಾನದಲ್ಲಲ್ಲ, ಹಾಸ್ಟೆಲಿನ ಊಟದ ಸಾಲಿನಲ್ಲಿ, ಯಾರೋ ತಮಾಷೆಗೆ ಎಸೆದಾಗ. ಆಗ ಅವನ ಒಂದು ಕೈಯಲ್ಲಿ ಮಾಂಸದ ತಟ್ಟೆಯಿತ್ತು, ಇನ್ನೊಂದು ಕೈಯಲ್ಲಿ ಇನ್ನೊಂದು ಮಾಂಸದ ತಟ್ಟೆಯಿತ್ತು. ಚೆಂಡು ಎದೆಗೆ ಬಡಿದು ಕೆಳಗೆ ಬಿತ್ತು. ಅವನು ತಟ್ಟೆ ಬಿಡಲಿಲ್ಲ.

ಚೆಂಡು ಅವನ ಕೆಲಸವೇ ಅಲ್ಲ. ಹಿಂದೆ ನಿಂತು ಚೆಂಡು ಎಸೆಯುವ ಹುಡುಗನೊಬ್ಬನಿರುತ್ತಾನೆ, ತೆಳ್ಳಗೆ, ಬೆಳ್ಳಗೆ, ಪೋಸ್ಟರಿನಲ್ಲಿ ಹಲ್ಲು ಬಿಡುವವನು. ಅವನ ಮೈಮೇಲೆ ಎದುರಾಳಿಗಳು ಬೀಳದಂತೆ ಮುಂದೆ ಐದು ಜನ ಗೋಡೆಯಾಗಿ ನಿಲ್ಲುತ್ತಾರೆ. ಇವರು ಮುಂಸಾಲಿನವರು. ಗರ್ಭಗುಡಿಯೊಳಗಿನ ದೇವರಿಗೆ ಹೂವು, ಹಣ್ಣು, ಮಂಗಳಾರತಿ. ಬಾಗಿಲಲ್ಲಿ ಗದೆ ಹಿಡಿದು ನಿಂತವನಿಗೆ ಏನು, ಬಾವಲಿ ಹಿಕ್ಕೆ. ಅಷ್ಟೇ ಆದರೆ ಸಹಿಸಬಹುದಿತ್ತು. ಮುಂಸಾಲಿನವನು ನೂರು ಸಲ ಸರಿ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಒಂದು ಸಲ ತಪ್ಪಿದರೆ ಮಾತ್ರ ಹಳದಿ ಬಟ್ಟೆ ಹಾರಿ ಬಂದು ಕಾಲ ಬಳಿ ಬೀಳುತ್ತದೆ. ಪಟ್ಟೆ ಅಂಗಿಯ ಅಂಪೈರು ಅವನ ನಂಬರನ್ನು ಮೈಕಿನಲ್ಲಿ ಊರಿಗೆಲ್ಲ ಸಾರುತ್ತಾನೆ. ಹೆಸರು ಕೇಳಿಸದಿದ್ದರೆ ಅದೇ ಅವನ ಕೀರ್ತಿ.

ಲಿಸಿಯಾಟೆ ಈ ಕೀರ್ತಿಯನ್ನು ಬೆವರು ಸುರಿಸಿ ಸಂಪಾದಿಸಿದ್ದ. ಮೊದಲ ವರ್ಷ ಬರೀ ತಿನ್ನಿಸಿದರು. ಎರಡನೆಯ ವರ್ಷ ಇತರರು ಗುದ್ದಿ ಕಲಿಯುವುದಕ್ಕೆ ಅವನನ್ನು ಮೂಟೆಯಂತೆ ನಿಲ್ಲಿಸಿದರು. ಮೂರನೆಯ ವರ್ಷ ಬೆಂಚು ಕಾಯಿಸಿದರು. ನಾಲ್ಕನೆಯ ವರ್ಷ ಒಬ್ಬನ ಮಂಡಿ ಮುರಿದು ಎಡತುದಿಯ ಜಾಗ ಸಿಕ್ಕಿತು. ಎಸೆಯುವ ಹುಡುಗನಿಗೆ ಕಾಣದ ಬೆನ್ನಿನ ಕಡೆ ಅದು, ಅಲ್ಲಿ ನಂಬಿಕಸ್ಥನೇ ಬೇಕು. ಈಗ ಐದನೆಯ ವರ್ಷ, ಕೊನೆಯದು. ಸಂಬಳ ಕೊಟ್ಟು ಆಡಿಸುವ ದೊಡ್ಡ ತಂಡಗಳು ಅವನ ಕಡೆ ತಿರುಗಿ ನೋಡಿರಲಿಲ್ಲ, ನೋಡುವುದೂ ಇಲ್ಲ ಎಂದು ಅವನಿಗೆ ಗೊತ್ತಿತ್ತು. ಹಾಗಾಗಿ ಅವನಿಗೆ ಉಳಿದದ್ದು ಒಂದೇ ಆಸೆ: ನವೆಂಬರಿನ ಕೊನೆಯ ಆಟದಲ್ಲಿ ಎಡತುದಿಯಲ್ಲಿ ತಾನೇ ನಿಲ್ಲಬೇಕು, ಮುಗಿಯುವವರೆಗೆ ನಿಲ್ಲಬೇಕು. ಆಮೇಲೆ ಜೀವಮಾನವಿಡೀ ಬೇಕಾದರೆ ಕೂಲಿಗೆ ಸೋಫಾ ಹೊರುತ್ತೇನೆ ಎಂದುಕೊಂಡಿದ್ದ.

ಅಷ್ಟರಲ್ಲಿ ಅವರ ಮೂಲ ಊರಾದ, ಶಾಂತಸಾಗರದ ಟೊಂಗಾ ದ್ವೀಪದಿಂದ ಅಕಾನೆಸಿ ಅತ್ತೆ ಬಂದಳು.

ಟೊಂಗಾದವರ ಮನೆಯಲ್ಲಿ ಅಪ್ಪನ ಅಕ್ಕನೆಂದರೆ ಸಾಮಾನ್ಯಳಲ್ಲ. ಅವಳು ಕೂತ ಮೇಲೆ ಉಳಿದವರು ಕೂರಬೇಕು, ಹಂದಿ ಸುಟ್ಟರೆ ಮೊದಲ ತುಂಡು ಅವಳಿಗೆ ಹೋಗಬೇಕು. ಅವಳು ಬಿಳಿ ಕಾಗೆ ಕಂಡೆನೆಂದರೆ ಎಷ್ಟು ಬೆಳ್ಳಗಿತ್ತು ಎಂದು ಕೇಳಬಹುದೇ ಹೊರತು ಕಾಗೆ ಕಪ್ಪಲ್ಲವೇ ಎನ್ನುವಂತಿಲ್ಲ. ಸಾಲ್ಟ್ ಲೇಕ್ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಎತ್ತುವ ಕೆಲಸದ ಸೆಮಿಸಿ, ಅಂದರೆ ಲಿಸಿಯಾಟೆಯ ಅಪ್ಪ, ಹೊರಗೆ ಗೂಳಿಯಂತಿದ್ದವನು, ಅಕ್ಕ ಬಂದಿಳಿದ ದಿನದಿಂದ ಬೆಕ್ಕಿನ ಮರಿಯಾಗಿ ಗೋಡೆ ಪಕ್ಕದಲ್ಲೇ ಓಡಾಡತೊಡಗಿದ.

ಅತ್ತೆ ನೋಡಿದ ಮೊದಲ ಆಟದಲ್ಲೇ ಅನಾಹುತವಾಯಿತು. ತನ್ನ ಊರಿನ ಪದ್ಧತಿಯಂತೆ ಸೊಂಟಕ್ಕೆ ಹೆಣೆದ ಚಾಪೆ ಸುತ್ತಿಕೊಂಡು, ತೊಡೆಯ ಮೇಲೆ ಕೆಸುವಿನೆಲೆಯಲ್ಲಿ ಬೇಯಿಸಿದ ಮಾಂಸದ ಬುಟ್ಟಿ ಇಟ್ಟುಕೊಂಡು, ಅವಳು ಐದನೇ ಸಾಲಿನಲ್ಲಿ ಸಿಂಹಾಸನದ ಮೇಲೆ ಕೂತಂತೆ ಕೂತಿದ್ದಳು. ಚೆಂಡು ಅಲುಗುವವರೆಗೆ ಮುಂಸಾಲಿನವನ ರೆಪ್ಪೆ ಅಲುಗಬಹುದು, ಹೆಗಲು ಅಲುಗಬಾರದು. ಲಿಸಿಯಾಟೆಯ ಬೆನ್ನಿಗೆ ಅತ್ತೆಯ ಎರಡು ಕಣ್ಣು ಬಿಸಿ ಕಾವಲಿಯಂತೆ ಅಂಟಿಕೊಂಡಿದ್ದವು. ಅವನು ಅಲುಗಿಬಿಟ್ಟ.

ಪೀಪಿ ಕೂಗಿತು. ಹಳದಿ ಬಟ್ಟೆ ಹಾರಿ ಬಂದು ಅವನ ಬೂಟಿನ ಪಕ್ಕ ಬಿತ್ತು. ಅಂಪೈರು ಮೈದಾನದ ನಡುವೆ ಬಂದು, ನೂಲು ಸುತ್ತುವವನಂತೆ ಎರಡು ಕೈಗಳನ್ನು ಒಂದರ ಸುತ್ತ ಒಂದು ತಿರುಗಿಸಿ, ಎಪ್ಪತ್ನಾಲ್ಕನೇ ನಂಬರು ಎಂದು ಸಾರಿದ. ತಂಡವೆಲ್ಲ ದಂಡವಾಗಿ ಐದು ಗಜ ಹಿಂದೆ ಸರಿದು ನಿಂತಿತು.

ಅತ್ತೆ ಬುಟ್ಟಿ ಕೆಳಗಿಟ್ಟು ಎದ್ದಳು.

ಅವಳ ಊರಿನಲ್ಲಿ ಹುಡುಗಿ ಚೆನ್ನಾಗಿ ಕುಣಿದರೆ ಮೆಚ್ಚಿದವರು ಎದ್ದು ಹೋಗಿ ಎಣ್ಣೆ ಹಚ್ಚಿದ ಅವಳ ಮೈಗೆ ನೋಟು ಅಂಟಿಸುತ್ತಾರೆ, ಬಟ್ಟೆ ಹೊದಿಸುತ್ತಾರೆ. ಒಡೆಯರ ಸಭೆಯಲ್ಲಾದರೆ ಒಡೆಯರು ತಾವಾಗಿ ಮಾತಾಡುವುದಿಲ್ಲ. ಅವರ ಬಾಯಾಗಿ ಮಾತಿನ ಮುಖಂಡನೊಬ್ಬ ನಿಂತು, ಇಂಥವನಿಗೆ ಇಂಥ ಉಡುಗೊರೆ ಬಂತು ಎಂದು ಸಾರುತ್ತಾನೆ. ಇಲ್ಲಿ ಬಟ್ಟೆಯೂ ಬಿತ್ತು, ಸಾರಿದ್ದೂ ಆಯಿತು. ಇನ್ನೇನು ಬೇಕು.

"ನೋಡಿದ್ಯೇನೋ ಸೆಮಿಸಿ?" ಎಂದಳು ಅತ್ತೆ. "ಇಷ್ಟು ಜನ ಆಡ್ತಿದಾರೆ. ಹಾಕಿದ್ದು ನಮ್ಮ ಹುಡುಗನಿಗೇ."

"ಹೌದಕ್ಕಾ."

"ಆ ಪಟ್ಟೆ ಅಂಗಿಯೋನು ಮಾತಿನ ಮುಖಂಡ ತಾನೆ?"

"ಹಾಗೇ ಅನ್ಕೋಬೇಕಕ್ಕಾ."

"ಎಷ್ಟು ಚೆಂದ ಕೈ ಕುಣಿಸಿದ. ನಮ್ಮೂರಿನ ರಗ್ಬಿ ಆಟದೋರು ಜಿಪುಣರು ಕಣೋ, ಬರೀ ಪೀಪಿ ಊದ್ತಾರೆ. ಇಲ್ಲಿ ನೋಡು, ಮರ್ಯಾದೆ ಬಂತು ಅಂತ ಹುಡುಗ್ರು ಬೀಗಲಿಲ್ಲ, ಎಲ್ಲಾ ತಗ್ಗಿ ಬಗ್ಗಿ ಹಿಂದೆ ಸರಿದು ನಿಂತ್ರು. ಯಾವ ತಾಯಿ ಹೆತ್ತ ಮಕ್ಕಳೋ." ಆಮೇಲೆ ಹುಬ್ಬು ಗಂಟಿಕ್ಕಿದಳು. "ಈ ಜನ ಯಾಕೆ ಊಳಿಡ್ತಿದೆ?"

ಸೆಮಿಸಿ ಬಾಯಿ ತೆರೆದ. ಆ ಗಳಿಗೆಯಲ್ಲಿ ನಿಜ ಹೇಳಿಬಿಡಬಹುದಿತ್ತು. ನಾಲಿಗೆಗೆ ಬಂದದ್ದು ಬೇರೆ.

"ಹೊಟ್ಟೆಕಿಚ್ಚಕ್ಕಾ."

ಅತ್ತೆಗೆ ಅಷ್ಟು ಸಾಕಾಯಿತು. ಮೆಟ್ಟಿಲ ಸಾಲಿಗೆ ಬಂದು, ಮಂಡಿ ಬಾಗಿಸಿ, ಕತ್ತು ಕೊಂಕಿಸಿ, "ಮಾಲಿಯೆ, ಮಾಲಿಯೆ" ಎಂದು ಕೂಗುತ್ತ ಕುಣಿದಳು. ಭಲೇ ಭಲೇ ಎಂದಂತೆ ಅದು. ಸುತ್ತಲಿನ ವಿದ್ಯಾರ್ಥಿಗಳು ಇವಳು ಎದುರು ತಂಡದವಳೆಂದು ತಿಳಿದು ಗುರುಗುಟ್ಟಿದರು. ಅದನ್ನು ಕಂಡು ಇನ್ನಷ್ಟು ತಡವರಿಸಿದ ಲಿಸಿಯಾಟೆ ಎದುರಾಳಿಯ ಅಂಗಿ ಹಿಡಿದು ಜಗ್ಗಿದ, ಇನ್ನೊಂದು ಬಟ್ಟೆ ಬಿತ್ತು. ಈ ಸಲ ಅಂಪೈರು ತನ್ನ ಮಣಿಕಟ್ಟನ್ನು ತಾನೇ ಹಿಡಿದು ತೋರಿಸಿದ.

"ಕೈ ಕಟ್ಟಿ ಹೇಳ್ದ ಕಣೋ," ಎಂದಳು ಅತ್ತೆ, ತಾನೂ ಕೈ ಮುಗಿದು.

ಮನೆಗೆ ಬಂದವಳೇ ಊರಿಗೆ ಫೋನು ಮಾಡಿದಳು. ಒಂದು ಫೋನಿಗೆ ಇಡೀ ದ್ವೀಪ ಎದ್ದು ಕೂತಿತು. ಮುಂದಿನ ಭಾನುವಾರ ಚರ್ಚಿನಲ್ಲಿ ಪಾದ್ರಿ ಲಿಸಿಯಾಟೆಗಾಗಿ ಪ್ರಾರ್ಥನೆ ಮಾಡಿ, ಅಮೆರಿಕದಲ್ಲಿ ನಮ್ಮ ಹುಡುಗನ ಮೇಲೆ ವಸ್ತ್ರಗಳ ಮಳೆಯಾಗಲಿ ಎಂದು ಬೇಡಿಕೊಂಡರಂತೆ. ಪ್ರಾರ್ಥನೆ ಫಲಿಸಿತು. ಮುಂದಿನ ಆಟದಲ್ಲಿ ಎರಡು ಬಿದ್ದವು, ಅದರ ಮುಂದಿನದರಲ್ಲಿ ಮೂರು.

"ಅಪ್ಪಾ, ಹೇಳಪ್ಪಾ ಅತ್ತೆಗೆ," ಎಂದು ಲಿಸಿಯಾಟೆ ಗ್ಯಾರೇಜಿನಲ್ಲಿ ಅಪ್ಪನನ್ನು ಅಡ್ಡಗಟ್ಟಿದ.

"ನೀನೇ ಹೇಳು."

"ನಿನ್ನಕ್ಕ ಅಲ್ವಾ?"

"ನಿನ್ನ ಸೋದರತ್ತೆ ಅಲ್ವಾ?" ಎಂದು ಸೆಮಿಸಿ ಒದ್ದೆ ಬಟ್ಟೆಯಿಂದ ಆಗಲೇ ತೊಳೆದಿದ್ದ ಕಾರನ್ನು ಮತ್ತೆ ಒರೆಸತೊಡಗಿದ.

ಮುಂಸಾಲಿನವರ ಕೋಚು ಡನ್‌ಲೆವಿ ಸೂರ್ಯಕಾಂತಿ ಬೀಜ ಜಗಿಯುವ ಮನುಷ್ಯ. ಸಿಟ್ಟು ಬಂದಷ್ಟೂ ಸಿಪ್ಪೆ ದೂರ ಹೋಗಿ ಬೀಳುತ್ತಿತ್ತು. ಆವತ್ತು ಸಿಪ್ಪೆ ಎದುರು ಗೋಡೆ ಮುಟ್ಟಿತು.

"ಎರಡು ವರ್ಷದಲ್ಲಿ ನಿನ್ನ ಮೇಲೆ ಒಂದು ಬಟ್ಟೆ ಬಿದ್ದಿರ್ಲಿಲ್ಲ ಕಣಯ್ಯ. ಈಗ ನೋಡಿದ್ರೆ ಅಗಸನ ಕಲ್ಲಾಗಿದ್ದೀಯ. ಏನಾಗಿದೆ? ಹುಡುಗಿ ವಿಷ್ಯಾನಾ?"

"ಅತ್ತೆ ವಿಷ್ಯ ಸಾರ್."

"ಏನು?"

"ಏನಿಲ್ಲ ಸಾರ್."

"ಇನ್ನೊಂದೇ ಒಂದು ಬೀಳ್ಲಿ, ಎಡತುದಿಗೆ ಕೋಲ್ಟನ್ ಬರ್ತಾನೆ. ಕೊನೇ ಆಟ, ಐದು ವರ್ಷ ಕಷ್ಟಪಟ್ಟೋನು, ಅದೆಲ್ಲ ನಾನು ನೋಡಲ್ಲ." ಕೋಲ್ಟನ್ ಎಂಬವನು ಐಡಹೋದಿಂದ ಬಂದ ಎರಡನೆಯ ವರ್ಷದ ಹುಡುಗ, ಬೆಂಚಿನ ಮೇಲೆ ಕೂತು ಲಿಸಿಯಾಟೆಯ ಮಂಡಿಯನ್ನೇ ಆಸೆಗಣ್ಣಿನಿಂದ ನೋಡುತ್ತಿದ್ದವನು.

ಸಾಲಿನ ನಡುವೆ ನಿಲ್ಲುವ ಒರೆನ್ ಲಿಸಿಯಾಟೆಯ ರೂಮಿನ ಜೊತೆಗಾರ. ಅವನು ಕತೆ ಕೇಳಿ ಮಂಚದಿಂದ ಬಿದ್ದು ನಕ್ಕ.

"ಲೇ ಮಾರಾಯ, ಹೋಗಿ ಹೇಳ್ಬಿಡೋ. ಹೇಳಿದ್ರೆ ಏನಾಗುತ್ತೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಇಲ್ಲೀವರೆಗೆ ಯಾರೂ ಹೇಳಿ ನೋಡಿಲ್ಲ. ನಮ್ಮಜ್ಜನ ಕಾಲದಿಂದ."

ಕೊನೆಯದಕ್ಕೆ ಹಿಂದಿನ ಆಟದಲ್ಲಿ ಲಿಸಿಯಾಟೆ ಹಲ್ಲು ಕಚ್ಚಿ ಆಡಿದ. ಬೆನ್ನಿನ ಮೇಲಿನ ಕಣ್ಣುಗಳನ್ನು ಮರೆಯಲು ಮನಸ್ಸಿನಲ್ಲೇ ಚರ್ಚಿನ ಹಾಡು ಗುನುಗಿದ. ಎಸೆಯುವ ಹುಡುಗನ ಅಂಗಿಗೆ ಹುಲ್ಲಿನ ಕಲೆಯೂ ಅಂಟಲಿಲ್ಲ, ಒಂದು ಬಟ್ಟೆಯೂ ಬೀಳಲಿಲ್ಲ. ತಂಡ ಗೆದ್ದಿತು. ಕೋಚಿನ ಸಿಪ್ಪೆ ಗಲ್ಲದಿಂದಾಚೆ ದಾಟಲಿಲ್ಲ.

ಅತ್ತೆ ಮಾತ್ರ ವ್ಯಾನಿನಲ್ಲಿ ಮನೆಗೆ ಮರಳುವಾಗ ಖಾಲಿ ಬುಟ್ಟಿಯನ್ನು ತೊಡೆಯ ಮೇಲೆ ತಿರುಗಿಸುತ್ತ ಕೂತಿದ್ದಳು. ಕೊನೆಗೆ ಕೇಳಿದಳು.

"ಏನು ತಪ್ಪು ಮಾಡ್ದೆ ಮಗಾ ಇವತ್ತು?"

"ಏನೂ ಮಾಡ್ಲಿಲ್ಲ ಅತ್ತೆ."

"ಮತ್ತೆ ಯಾರೂ ನಿನ್ನ ಮುಖ ನೋಡ್ಲಿಲ್ಲವಲ್ಲ. ನಂಗೇನು ಕಣ್ಣಿಲ್ವಾ? ಆ ಪುಟ್ಟ ಹುಡುಗನ್ನ ಎಷ್ಟು ಜೋಪಾನ ಮಾಡ್ದೆ, ಒಡೆಯರ ಸುತ್ತ ನಿಲ್ಲೋರು ಹಾಗೇ ನಿಲ್ಲಬೇಕು. ಎಲ್ಲಾ ದಿನಕ್ಕಿಂತ ಇವತ್ತೇ ಚೆನ್ನಾಗಿ ಆಡ್ದೆ. ಆದ್ರೂ ಒಂದು ಚೂರು ಬಟ್ಟೆ ಇಲ್ಲ."

ಲಿಸಿಯಾಟೆಗೆ ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಐದು ವರ್ಷದಲ್ಲಿ ಅವನ ಕೆಲಸವನ್ನು ಇಷ್ಟು ಸರಿಯಾಗಿ ಕಂಡವರು ಬೇರೆ ಯಾರೂ ಇರಲಿಲ್ಲ, ಇಷ್ಟು ತಪ್ಪಾಗಿ ಕಂಡವರೂ ಇರಲಿಲ್ಲ. ಅತ್ತೆ ತಾನೇ ಕಾರಣ ಕಂಡುಹಿಡಿದಳು.

"ಎಣ್ಣೆ. ಮೈಗೆ ಎಣ್ಣೆ ಹಚ್ದೆ ಕುಣಿಯೋಕೆ ಹೋದ್ರೆ ಯಾರು ಏನು ಅಂಟಿಸ್ತಾರೆ? ತಪ್ಪು ನಂದೇ."

ಕೊನೆಯ ಆಟದ ದಿನ ಮೈದಾನದ ಹೊರಗೆ ವ್ಯಾನುಗಳ ಸಾಲಿನಲ್ಲಿ ಎಲ್ಲರ ಮನೆಯವರೂ ಒಲೆ ಹಚ್ಚಿ ಸುಡುತ್ತ, ತಿನ್ನುತ್ತ ನಿಂತಿದ್ದಾಗ, ಅತ್ತೆ ಲಿಸಿಯಾಟೆಯನ್ನು ಐಸು ಪೆಟ್ಟಿಗೆಯ ಮೇಲೆ ಕೂರಿಸಿ ಸೀಸೆಯ ಬಿರಡೆ ತೆಗೆದಳು. ಊರ ತೆಂಗಿನೆಣ್ಣೆ, ಗಂಧದ ಚಕ್ಕೆ, ಹೂವು ಹಾಕಿ ಬಿಸಿಲಲ್ಲಿಟ್ಟದ್ದು. ಆಟದವರು ಮೈಗೆ ಜಾರುವಂಥದ್ದೇನೂ ಹಚ್ಚಿಕೊಳ್ಳುವಂತಿಲ್ಲ. ಇದು ಲಿಸಿಯಾಟೆಗೆ ಗೊತ್ತು, ಸೆಮಿಸಿಗೆ ಗೊತ್ತು, ಪಕ್ಕದ ವ್ಯಾನಿನವರ ನಾಯಿಗೂ ಗೊತ್ತಿದ್ದೀತು. ಸೆಮಿಸಿ ಒಲೆಯ ಹೊಗೆಯೊಳಗೆ ಮುಖ ಬಚ್ಚಿಟ್ಟುಕೊಂಡ. ಅತ್ತೆ ತೋಳು, ಕತ್ತು, ಮೊಣಕೈ ಬಿಡದೆ ತಿಕ್ಕಿದಳು. ತಿಕ್ಕುತ್ತ ಹಾಡಿದಳು. ಅವಳ ಕೈ ಎಷ್ಟು ಹಿತವಾಗಿತ್ತೆಂದರೆ ಲಿಸಿಯಾಟೆ ಸಂಕಟದ ನಡುವೆಯೂ ಒಂದು ಕ್ಷಣ ತೂಕಡಿಸಿದ.

ಡ್ರೆಸ್ಸಿಂಗ್ ರೂಮಿನಲ್ಲಿ ಒರೆನ್ ಅವನನ್ನು ನಲ್ಲಿಯ ಕೆಳಗೆ ನಿಲ್ಲಿಸಿ ಸೋಪು ಹಾಕಿದ, ಶಾಂಪೂ ಹಾಕಿದ, ಪಾತ್ರೆ ತೊಳೆಯುವ ದ್ರವ ತಂದು ಸುರಿದ. ಎಣ್ಣೆ ಹೋಗಲಿಲ್ಲ, ಪರಿಮಳ ಇಮ್ಮಡಿಯಾಯಿತು.

"ಸಾಕು ಬಿಡೋ," ಎಂದ ಒರೆನ್. "ಮದುವೆ ಗಂಡಿನ ಥರ ಘಮ್ ಅಂತಿದ್ದೀಯ. ಇನ್ನೂ ತಿಕ್ಕಿದ್ರೆ ನಾನೇ ಮದುವೆ ಆಗಬೇಕಾಗುತ್ತೆ."

ಎದುರು ತಂಡದಲ್ಲಿ ಲಿಸಿಯಾಟೆಗೆ ಮುಖಾಮುಖಿ ನಿಂತವನು ತೊಂಬತ್ತೊಂದನೇ ನಂಬರಿನ ಟ್ರೆವಿಯನ್. ಹೊಸಬ, ಚಿಗರೆಯಂಥ ಹುಡುಗ. ಅವನು ನುಗ್ಗಿ ಬಂದು ಲಿಸಿಯಾಟೆಯ ತೋಳು ಹಿಡಿದ. ಹಿಡಿದದ್ದು ಜಾರಿ, ತನ್ನ ರಭಸಕ್ಕೆ ತಾನೇ ಹುಲ್ಲಿನ ಮೇಲೆ ಮೂಗೂರಿ ಬಿದ್ದ. ಎದ್ದು ಬಂದು ಮತ್ತೆ ಹಿಡಿದ, ಮತ್ತೆ ಬಿದ್ದ. ಮೂರನೆಯ ಸಲ ಎದ್ದವನು ಕೈ ಮೂಸಿ ನೋಡಿಕೊಂಡ.

"ಸಾರ್, ಇವನು ಜಾರ್ತಾನೆ ಸಾರ್," ಎಂದು ಅಂಪೈರನಿಗೆ ದೂರು ಕೊಟ್ಟ. "ತೆಂಗಿನಕಾಯಿ ವಾಸನೆ ಬೇರೆ."

ಅಂಪೈರು ಬಂದು ಲಿಸಿಯಾಟೆಯ ತೋಳಿನ ಮೇಲೆ ಎರಡು ಬೆರಳು ಎಳೆದ. ಬೆರಳು ಸರ್ರನೆ ಮೊಣಕೈಗೆ ಬಂತು. ಮೂಗಿನ ಹತ್ತಿರ ಹಿಡಿದು ಕಣ್ಣು ಅರೆಮುಚ್ಚಿದ. ಆಮೇಲೆ ಅವನ ಕೈ ಸೊಂಟಕ್ಕೆ ಸಿಕ್ಕಿಸಿದ್ದ ಹಳದಿ ಬಟ್ಟೆಯ ಕಡೆ ಹೋಯಿತು. ಐದು ವರ್ಷ, ಎಲ್ಲ ತಟ್ಟೆಗಳು, ಎಲ್ಲ ಗುದ್ದುಗಳು ಲಿಸಿಯಾಟೆಯ ಕಣ್ಣ ಮುಂದೆ ಸಾಲಾಗಿ ಹೋದವು. ಅಂಪೈರು ಬಟ್ಟೆ ಸೆಳೆದ. ಬೆರಳು ಒರೆಸಿಕೊಂಡ. ಮತ್ತೆ ಸಿಕ್ಕಿಸಿಕೊಂಡ.

"ಹೋಗು, ಒರೆಸ್ಕೊಂಡು ಬಾ," ಎಂದ. "ಯಾವ ಅಂಗಡಿಯದು ಅಂತ ಆಮೇಲೆ ಹೇಳು."

ಕೋಲ್ಟನ್ ಓಡಿ ಒಳಗೆ ಹೋದ, ಲಿಸಿಯಾಟೆ ಹೊರಗೆ ಬಂದ. ನಾಲ್ಕು ಜನ ಟವೆಲು ಹಿಡಿದು ಕುದುರೆ ಮಾಲೀಸು ಮಾಡಿದಂತೆ ಅವನನ್ನು ಉಜ್ಜತೊಡಗಿದರು. ಅಷ್ಟರಲ್ಲಿ ಕಂಬಿಯ ಹತ್ತಿರ ಗದ್ದಲ. ಅತ್ತೆ ಇಳಿದು ಬಂದಿದ್ದಳು. ತಾನು ಹಚ್ಚಿದ ಎಣ್ಣೆಯನ್ನು ಪರದೇಶಿಗಳು ಒರೆಸುವುದನ್ನು ನೋಡಿ ಅವಳ ಮುಖ ಕೆಂಪಾಗಿತ್ತು. ಹಿಂದೆ ಸೆಮಿಸಿ, ಬುಟ್ಟಿ ಹಿಡಿದು.

"ಇವರು ಯಾರು ನಮ್ಮ ಹುಡುಗನ ಎಣ್ಣೆ ಒರೆಸೋಕೆ? ಕೇಳೋ ಸೆಮಿಸಿ."

ಸೆಮಿಸಿ ಕೋಚಿನ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಸಾರ್, ನಮ್ಮಕ್ಕ ನಮಸ್ಕಾರ ಹೇಳ್ತಿದಾರೆ," ಎಂದ.

ಡನ್‌ಲೆವಿ ಟೋಪಿ ತೆಗೆದ. ಅತ್ತೆಯ ನಿಲುವು ಹಾಗಿತ್ತು. "ಅವರಿಗೆ ಹೇಳಿ, ಎಣ್ಣೆ ಹಚ್ಚೋ ಹಾಗಿಲ್ಲ. ನಾಳೆಯಿಂದ ಬೇಕಾದ್ರೆ ಅದರಲ್ಲೇ ಕರೀಲಿ ಇವನನ್ನ. ಈಗಲೇ ಇವನ ಮೇಲೆ ಲೆಕ್ಕ ಇಲ್ಲದಷ್ಟು ಬಟ್ಟೆ ಬಿದ್ದಿವೆ. ಇನ್ನೊಂದು ಬಿದ್ರೆ ಆಟದಿಂದ ಹೊರಗೆ."

"ಏನಂತಾನೆ?" ಎಂದಳು ಅತ್ತೆ.

ಸೆಮಿಸಿ ಕೋಚನ್ನು ನೋಡಿದ, ಅಕ್ಕನನ್ನು ನೋಡಿದ, ಟವೆಲುಗಳ ನಡುವೆ ನಿಂತ ಮಗನನ್ನು ನೋಡಿದ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಗೂ ಒಮ್ಮೊಮ್ಮೆ ಬುದ್ಧಿ ಹೊಳೆಯುತ್ತದೆ.

"ಅಕ್ಕಾ, ಎಲ್ಲಾ ಬಟ್ಟೆ ನಮ್ಮ ಹುಡುಗನೇ ಬಾಚ್ಕೊಂಡ ಅಂತಿದಾರೆ. ಉಳಿದ ಮಕ್ಕಳಿಗೂ ತಾಯಿ ತಂದೆ ಇದಾರಂತೆ. ಅವರೂ ನೋಡೋಕೆ ಬಂದಿದಾರಂತೆ ಇವತ್ತು."

ಅತ್ತೆಯ ಮುಖದ ಕೆಂಪು ಇಳಿಯಿತು. ಕೈ ಕೆನ್ನೆಗೆ ಹೋಯಿತು. ಟೊಂಗಾದಲ್ಲಿ ದೊಡ್ಡವರ ದೊಡ್ಡತನವೆಲ್ಲ ಬಂದದ್ದನ್ನು ಹಂಚುವುದರಲ್ಲಿದೆ. ಬಂದದ್ದೆಲ್ಲ ಮನೆಯೊಳಗೆ ಇಟ್ಟುಕೊಂಡವರು ಎಂದು ಅನ್ನಿಸಿಕೊಳ್ಳುವುದಕ್ಕಿಂತ ಕೆಟ್ಟ ಮಾತಿಲ್ಲ.

"ಅಯ್ಯೋ ದೇವರೇ," ಎಂದಳು ಮೆಲ್ಲಗೆ. "ಹೌದಲ್ವೇನೋ. ನಂಗೆ ಹೊಳೀಲೇ ಇಲ್ಲ. ಎಷ್ಟು ಆಸೆಬುರುಕರಾಗಿ ಕಂಡ್ವೋ ಏನೋ." ಆಮೇಲೆ ಕಂಬಿಯ ಮೇಲೆ ಬಾಗಿ ಗಟ್ಟಿಯಾಗಿ ಕರೆದಳು. "ಲಿಸಿಯಾಟೆ, ಇಲ್ಲಿ ಕೇಳು. ಇವತ್ತು ಒಂದು ಬಟ್ಟೇನೂ ನೀನು ತಗೋಬಾರ್ದು. ಬಂದ್ರೂ ಬೇಡ. ಬೇರೆಯವರಿಗೆ ಬಿಡು. ನನ್ನ ಮಾತು."

"ಆಯ್ತು ಅತ್ತೆ," ಎಂದ ಲಿಸಿಯಾಟೆ. ಅಷ್ಟು ಸಂತೋಷದಿಂದ ಅವನು ಹಿರಿಯರ ಮಾತು ಕೇಳಿದ್ದು ಅದೇ ಮೊದಲು.

"ಏನಂತಾರೆ?" ಎಂದ ಕೋಚು.

"ಇನ್ನು ಒಂದೂ ಬೀಳಲ್ವಂತೆ ಸಾರ್."

"ಅವರು ಹೇಗೆ ಹೇಳ್ತಾರೆ ಅದನ್ನ?"

"ಅವರು ಹೇಳಿದ್ರೆ ಮುಗೀತು ಸಾರ್."

ಡನ್‌ಲೆವಿ ಇನ್ನೊಮ್ಮೆ ಅತ್ತೆಯ ಕಡೆ ನೋಡಿ, ಬೀಜದ ಸಿಪ್ಪೆಯನ್ನು ಅಂಗೈಯಲ್ಲಿ ಉಗುಳಿ ಜೇಬಿಗೆ ಹಾಕಿಕೊಂಡ. ಲಿಸಿಯಾಟೆ ಒಳಗೆ ಹೋದ.

ಬೆನ್ನ ಮೇಲೆ ಅವೇ ಎರಡು ಕಣ್ಣು. ಆದರೆ ಈಗ ಅವು ಬಿಸಿಯಾಗಿರಲಿಲ್ಲ, ಚಳಿಗಾಲದ ಎಳೆಬಿಸಿಲಿನಂತಿದ್ದವು. ಕೋಚಿನ ಮಾತೂ ಅತ್ತೆಯ ಮಾತೂ ಒಂದೇ ಆದ ಮೇಲೆ ಅವನ ಮೈ ಗಾಳಿಪಟದಂತೆ ಹಗುರವಾಗಿತ್ತು. ಅವನು ಟ್ರೆವಿಯನ್ನನ್ನು ನೆಂಟರನ್ನು ಬರಮಾಡಿಕೊಂಡಂತೆ ಎದುರುಗೊಳ್ಳುತ್ತಿದ್ದ, ದಾರಿ ತಪ್ಪಿದ ನೆಂಟರನ್ನು ಬೇರೆ ಮನೆಗೆ ಕಳಿಸಿದಂತೆ ಬದಿಗೆ ಕಳಿಸುತ್ತಿದ್ದ. ಎಸೆಯುವ ಹುಡುಗ ಹಿಂದೆ ನಿಂತು ತಲೆ ಬಾಚಿಕೊಳ್ಳುವಷ್ಟು ಹೊತ್ತು ಸಿಗುತ್ತಿತ್ತು.

ಆಟ ಮುಗಿಯುವ ಹೊತ್ತಿಗೆ ಇವರು ನಾಲ್ಕು ಅಂಕ ಹಿಂದಿದ್ದರು, ಚೆಂಡು ದಾಟಿಸಿದರೆ ಆರು ಅಂಕ ಕೊಡುವ ಕೊನೆಯ ಗೆರೆ ಮಾತ್ರ ಕೈಗೆಟಕುವಷ್ಟು ಹತ್ತಿರ. ಸಾಲು ಬಗ್ಗಿ ನಿಂತಿತು. ಆತುರ ತಡೆಯಲಾರದೆ ಟ್ರೆವಿಯನ್ ಚೆಂಡು ಅಲುಗುವ ಮೊದಲೇ ಇವರ ಕಡೆಗೆ ಹಾರಿಬಿಟ್ಟ. ಪೀಪಿ ಕೂಗಿತು, ಹಳದಿ ಬಟ್ಟೆ ಅವನ ಕಾಲ ಬಳಿ ಬಿತ್ತು. ಅಂಪೈರು ಸೊಂಟದ ಮೇಲೆ ಎರಡು ಕೈಯಿಟ್ಟು, ತೊಂಬತ್ತೊಂದು ಎಂದು ಸಾರಿದ.

"ಮಾಲಿಯೆ," ಎಂಬ ಧ್ವನಿ ಮೇಲಿಂದ ಬಂತು.

ಅತ್ತೆ ಎದ್ದಿದ್ದಳು. ಬೇರೆಯವರ ಮಗುವಿಗಾದರೂ ಮರ್ಯಾದೆ ಸಿಕ್ಕಿತಲ್ಲ ಎಂದು, ತನ್ನ ಮನೆಯ ಹುಡುಗನಿಗೆ ಕುಣಿದದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಕುಣಿಯುತ್ತಿದ್ದಳು. ಈ ಸಲ ಬಟ್ಟೆ ಬಿದ್ದದ್ದು ಎದುರಾಳಿಗಾದ್ದರಿಂದ ಊರಿನ ಜನವೆಲ್ಲ ಅವಳ ಜೊತೆ ಎದ್ದು ಕೇಕೆ ಹಾಕಿ ಕುಣಿಯಿತು. ಕೊನೆಗೂ ಇವರ ಹೊಟ್ಟೆಕಿಚ್ಚು ಇಳಿಯಿತು ಎಂದು ಅತ್ತೆಗೆ ಇಮ್ಮಡಿ ಸಂತೋಷವಾಗಿ ಪಕ್ಕದ ಹುಡುಗನ ಕೆನ್ನೆಗೆ ಮುತ್ತಿಟ್ಟಳು.

ಲಿಸಿಯಾಟೆ ಮತ್ತೆ ಬಗ್ಗಿ ನಿಂತಾಗ ನಗು ಹೊಟ್ಟೆಯ ತಳದಲ್ಲಿ ಶುರುವಾಯಿತು. ಅವನ ಹೊಟ್ಟೆ ಚಿಕ್ಕದಲ್ಲ. ಅಲ್ಲಿ ಎದ್ದ ನಗುವೂ ಚಿಕ್ಕದಾಗಿರಲಿಲ್ಲ. ಪಕ್ಕದಲ್ಲೆಲ್ಲೋ ಒರೆನ್ ಮೂಗಿನಿಂದ ಕೀರಲು ಸದ್ದು ಮಾಡಿದ. ನಗು ಎದೆಗೆ ಬಂತು. ಅದು ಹೆಗಲಿಗೆ ಹತ್ತಿದರೆ ಬಟ್ಟೆ ಬೀಳುತ್ತದೆ, ಕೋಚಿನ ಮಾತೂ ಹೋಗುತ್ತದೆ, ಅತ್ತೆಯ ಮಾತೂ ಹೋಗುತ್ತದೆ. ಅವನು ಕಣ್ಣಲ್ಲಿ ನೀರು ತುಂಬಿಕೊಂಡು, ಕುದಿಯುವ ಹಂಡೆಯ ಮುಚ್ಚಳ ಒತ್ತಿ ಹಿಡಿದವನಂತೆ ನಿಂತ. ಹೆಗಲು ಬಂಡೆಯಾಗಿತ್ತು. ಎದುರಿಗೆ ಟ್ರೆವಿಯನ್ ಅವನ ಮುಖ ನೋಡಿ, ಇವನು ಅಳುತ್ತಿದ್ದಾನೋ ಏನೋ ಎಂದು ಗಾಬರಿಯಾದ.

ಚೆಂಡು ಅಲುಗಿತು. ಲಿಸಿಯಾಟೆ ನಗುವನ್ನೂ ಮೈಯನ್ನೂ ಒಟ್ಟಿಗೆ ಬಿಟ್ಟ. ಹಾ ಹಾ ಎಂದು ಅಬ್ಬರಿಸಿ ನಗುತ್ತ ಆ ಬೆಟ್ಟ ಮುಂದೆ ನಡೆಯಿತು. ಅದರ ಮುಂದಿದ್ದದ್ದೆಲ್ಲ ಗೆರೆಯಾಚೆ ಹೋಗಿ ಬಿತ್ತು. ಅದರ ಬೆನ್ನಿನ ನೆರಳಲ್ಲಿ ಚೆಂಡು ಹಿಡಿದ ಹುಡುಗ ಸಂತೆಗೆ ಹೋದಂತೆ ಆರಾಮಾಗಿ ನಡೆದುಹೋದ.

ಮೈದಾನಕ್ಕೆ ಜನ ನುಗ್ಗಿತು. ಯಾರೂ ಲಿಸಿಯಾಟೆಯನ್ನು ಹೊತ್ತುಕೊಳ್ಳಲಿಲ್ಲ. ಹೊರುವುದು ಸಾಧ್ಯವೂ ಇರಲಿಲ್ಲ. ಅವನು ಗೆರೆಯಾಚೆ ಹುಲ್ಲಿನ ಮೇಲೆ ಅಂಗಾತ ಬಿದ್ದು ಇನ್ನೂ ನಗುತ್ತಿದ್ದ. ಪಕ್ಕದಲ್ಲಿ ಟ್ರೆವಿಯನ್ ಸೋತ ಮುಖ ಹೊತ್ತು ಕೂತಿದ್ದ. ಚಾಪೆಯ ಸೊಂಟ ಕುಲುಕಿಸುತ್ತ ಬಂದ ಅತ್ತೆ ತಮ್ಮನ ಮಗನ ಹತ್ತಿರ ಹೋಗದೆ ಮೊದಲು ಅವನ ಹತ್ತಿರ ಹೋದಳು. ಅವನ ಗಲ್ಲ ಹಿಡಿದೆತ್ತಿ, ತಲೆ ಸವರಿ, ಬಹಳ ಹೊತ್ತು ಏನೋ ಹೇಳಿದಳು.

"ಏನು ಹೇಳ್ತಿದಾರಣ್ಣ ಅವರು?" ಎಂದ ಟ್ರೆವಿಯನ್.

"ಒಂದೇ ಒಂದು ಸಿಕ್ತು ಅಂತ ಬೇಜಾರು ಮಾಡ್ಕೋಬೇಡ, ನಿನಗಿನ್ನೂ ಚಿಕ್ಕ ವಯಸ್ಸು, ಮುಂದೆ ಬೇಕಾದಷ್ಟು ಬರುತ್ತೆ ಅಂತಿದಾರೆ," ಎಂದ ಲಿಸಿಯಾಟೆ, ಬಿದ್ದಲ್ಲಿಂದಲೇ.

ಹುಡುಗ ಆ ದೊಡ್ಡ ಕೈಗೆ ತಲೆ ಒರಗಿಸಿ, "ಇಷ್ಟು ಒಳ್ಳೇ ಮಾತು ನಮ್ಮ ಕೋಚೂ ಆಡಿಲ್ಲ ಅಂತ ಹೇಳಿ ಅವರಿಗೆ," ಎಂದ.

ಲಿಸಿಯಾಟೆ ಎದ್ದು ಕೂತು, ಕಣ್ಣೊರೆಸಿಕೊಂಡು, ಅದನ್ನು ಅಕ್ಷರ ಬಿಡದೆ ಹೇಳಿದ.